ತನಗೆ ತಾನೇ ಹೇಳಿಕೊಂಡದ್ದು

ಮೊನ್ನೆ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆ. ವಿಜಯನಗರದಲ್ಲಿ ಒಬ್ಬ ಹುಡುಗ ಹತ್ತಿ ಪಕ್ಕದಲ್ಲೇ ಕೂತ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಮೊಬೈಲಿನಲ್ಲಿ ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಅಮೃತಶಿಲೆಯ ಮುಖ. ಮುಖದ ಕೆಳಗೆ ಎರಡು ಸಾಲು ಇಂಗ್ಲಿಷ್ ಉಪದೇಶ. ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಅದೇ ಮುಖ, ಬೇರೆ ಉಪದೇಶ. ಮೆಜೆಸ್ಟಿಕ್ ಬರುವಷ್ಟರಲ್ಲಿ ಹದಿನೈದಾದರೂ ಆಗಿರಬೇಕು. ಪಕ್ಕದವರ ಮೊಬೈಲಿಗೆ ಇಣುಕೋದು ಕೆಟ್ಟ ಅಭ್ಯಾಸ ಅಂತ ಗೊತ್ತು. ಆದರೂ ನೋಡಿದೆ.

ಅವನಿಗೆ ಒಂದು ಮಾತು ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಇಲ್ಲಿ ಹೇಳ್ತೀನಿ. ನಮ್ಮ ಪಶ್ಚಿಮ ಬೆಂಗಳೂರಿಗೂ ಈ ಚಕ್ರವರ್ತಿಗೂ ಒಂದು ಹಳೇ ನಂಟಿದೆ. ಮಾರ್ಕಸ್ ಅರೇಲಿಯಸ್‌ನ ಚಿಂತನೆಗಳನ್ನು ತಮಿಳಿಗೆ ತಂದವರು ಸಿ. ರಾಜಗೋಪಾಲಾಚಾರಿ. ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಸಾಕ್ರೆಟಿಸ್ ಬಗ್ಗೆಯೂ ತಮಿಳಿನಲ್ಲಿ ಬರೆದರು. 1949ರಲ್ಲಿ, ಗವರ್ನರ್ ಜನರಲ್ ಆಗಿದ್ದಾಗ, ಬೆಂಗಳೂರಿನ ಪಶ್ಚಿಮಕ್ಕೆ ಹೊಲಗದ್ದೆಗಳ ನಡುವೆ ಒಂದು ಕೈಗಾರಿಕಾ ಉಪನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಅದೇ ರಾಜಾಜಿನಗರ. ಕಾರ್ಖಾನೆಗಳೂ ಕೆಲಸಗಾರರ ಮನೆಗಳೂ ಹತ್ತಿರ ಹತ್ತಿರ ಇರಬೇಕು ಅನ್ನೋದು ಯೋಜನೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ನಮ್ಮ ಮನೆಯ ಗಡಿಯಾರ ಅಂದರೆ ಕಾರ್ಖಾನೆಯ ಸೈರನ್ನು.

ನಮ್ಮಪ್ಪ ಲೇತ್ ಮೆಷಿನ್ ಮೇಲೆ ಇಪ್ಪತ್ತೇಳು ವರ್ಷ ಕೆಲಸ ಮಾಡಿದವರು. ಯಾವ ಕಾರ್ಖಾನೆ ಅನ್ನೋದು ಬೇಡ, ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಇದೆ. 2001ರಲ್ಲಿ ಸ್ವಯಂ ನಿವೃತ್ತಿ ಅಂತ ಕಾಗದ ಕೊಟ್ಟರು. ‘ಸ್ವಯಂ’ ಅನ್ನೋ ಪದ ಅಷ್ಟು ಸುಳ್ಳಾಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಸೇರಿ ಒಂದು ಗೋಡೆ ಗಡಿಯಾರ, ಒಂದು ‘ಮಂಕುತಿಮ್ಮನ ಕಗ್ಗ’ ಕೊಟ್ಟರು. ಅಪ್ಪನಿಗೆ ಐವತ್ತೆರಡು ವಯಸ್ಸು.

ಮೊದಲ ತಿಂಗಳು ಚೆನ್ನಾಗೇ ಇದ್ದರು. ಆಮೇಲೆ ನಿದ್ದೆ ಹೋಯಿತು. ಬೆಳಗಿನ ಮೂರು ಗಂಟೆಗೆ ಎದ್ದು ಜಗುಲಿಯಲ್ಲಿ ಕೂರೋರು. ಊಟ ಅರ್ಧಕ್ಕೇ ಬಿಡೋರು. ಭಾಷ್ಯಂ ವೃತ್ತದ ತನಕ ಹೋಗಿ ಹಾಲು ತರೋಕೆ ಮುಕ್ಕಾಲು ಗಂಟೆ ಬೇಕಾಗೋದು. ನನಗೆ ಕೋಪ ಬಂದದ್ದು ಮುಖ್ಯವಾಗಿ ಈ ನಿಧಾನಕ್ಕೆ. ಕೆಲಸವಿಲ್ಲದವರಿಗೆ ಬೇಗ ನಡೆಯೋಕೆ ಏನು ಕಷ್ಟ?

ಇದಕ್ಕೆ ಉತ್ತರ ಎಪ್ಪತ್ತು ವರ್ಷ ಮೊದಲೇ ಅಚ್ಚಾಗಿತ್ತು ಅಂತ ನನಗೆ ಬಹಳ ತಡವಾಗಿ ತಿಳಿಯಿತು. ಆಸ್ಟ್ರಿಯಾದಲ್ಲಿ ಮರಿಯೆಂಟಾಲ್ ಅಂತ ಒಂದು ಊರು. ಊರಿಗೆಲ್ಲ ಒಂದೇ ಬಟ್ಟೆ ಗಿರಣಿ. ಅದು ಮುಚ್ಚಿತು. ಮರೀ ಯಹೋಡಾ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ಆ ಊರಿನ ಬದುಕನ್ನು ಹತ್ತಿರದಿಂದ ನೋಡಿ 1933ರಲ್ಲಿ ಒಂದು ಪುಸ್ತಕ ಬರೆದರು. ಗಡಿಯಾರ ಹಿಡಿದು, ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆ ಅಂತ ಅಳೆದರು. ಕೆಲಸ ಕಳೆದುಕೊಂಡ ಗಂಡಸರು ಹೆಂಗಸರಿಗಿಂತ ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರಿಗೆ ಮನೆಗೆಲಸ ಇದ್ದೇ ಇತ್ತಲ್ಲ. ಬೇಕಾದಷ್ಟು ಬಿಡುವಿದ್ದರೂ ಊರ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು. ಸಂಬಳದ ಜೊತೆ ಹೊತ್ತಿನ ಆಕಾರವೂ ಹೋಗುತ್ತದೆ ಅನ್ನೋದು ಅವರು ಕಂಡದ್ದು. ಇದನ್ನು ಓದುವಾಗ ಹಾಲಿನ ಪಾತ್ರೆ ಹಿಡಿದು ವೃತ್ತದಲ್ಲಿ ಸುಮ್ಮನೆ ನಿಂತ ಅಪ್ಪ ಕಣ್ಣಿಗೆ ಬಂದರು.

ಇನ್ನು ಕಗ್ಗ. ನಮ್ಮ ಬೀದಿಯಲ್ಲಿ ಕಗ್ಗ ಬಾಯಿಪಾಠ ಬರೋ ಹಿರಿಯರು ಇಬ್ಬರು ಮೂವರಿದ್ದರು. ಅಪ್ಪ ಕಂಡರೆ ಸಾಕು, ಒಂದು ಪದ್ಯ. ಕೆಟ್ಟ ಮನಸ್ಸಿನಿಂದ ಅಲ್ಲ, ನಿಜವಾದ ಪ್ರೀತಿಯಿಂದಲೇ. ನಾನು ಆಗ ಡಿಗ್ರಿ ಕೊನೆ ವರ್ಷ. ಒಂದು ಸಂಜೆ ಆ ಬೀಳ್ಕೊಡುಗೆಯ ಪುಸ್ತಕವನ್ನೇ ತೆಗೆದು, ದುಃಖವನ್ನು ತಡೆದುಕೊಳ್ಳುವ ಬಗ್ಗೆ ಇರೋ ಒಂದು ಪದ್ಯವನ್ನು ಗಟ್ಟಿಯಾಗಿ ಓದಿ, “ನೋಡಿ, ಡಿವಿಜಿ ಏನು ಹೇಳಿದ್ದಾರೆ” ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನಂಗೂ ಗೊತ್ತು ಕಣೋ. ಗೊತ್ತಿದ್ರೂ ಆಗ್ತಿಲ್ಲ” ಅಂದರು. ಅಷ್ಟೇ. ಜಗಳ ಆಡಿದ್ದರೆ ಚೆನ್ನಾಗಿತ್ತು.

ನಾನು ಮಾಡಿದ ತಪ್ಪು ಏನು ಅಂತ ತಿಳಿಯೋಕೆ ಆ ಪುಸ್ತಕದ ಚರಿತ್ರೆಗೇ ಹೋಗಬೇಕಾಯಿತು. ಕಗ್ಗ ಬಂದದ್ದು 1943ರಲ್ಲಿ. ಮಹಾಯುದ್ಧದ ಕಾಲ, ಹಿಂದಿನ ವರ್ಷವಷ್ಟೇ ಕ್ವಿಟ್ ಇಂಡಿಯಾ ಚಳವಳಿ ನಡೆದಿತ್ತು. ಬರೆದವರು ಕಾಲೇಜಿನ ಮೆಟ್ಟಿಲು ಹತ್ತದ ಪತ್ರಕರ್ತ. ನಲವತ್ತು ತುಂಬುವ ಮೊದಲೇ ಹೆಂಡತಿಯನ್ನು ಕಳೆದುಕೊಂಡು ಮತ್ತೆ ಮದುವೆಯಾಗದೆ ಉಳಿದವರು. 945 ಪದ್ಯ, ಎಲ್ಲಾ ನಾಲ್ಕು ನಾಲ್ಕು ಸಾಲು, ಪ್ರತಿಯೊಂದರ ಕೊನೆಗೂ ‘ಮಂಕುತಿಮ್ಮ’. ನಾವು ಅದನ್ನು ಅಂಕಿತ ಅಂತ ದಾಟಿಕೊಂಡು ಹೋಗ್ತೀವಿ. ಅದು ಅಂಕಿತವೂ ಹೌದು, ಕರೆಯುವ ಹೆಸರೂ ಹೌದು. ಮಂಕ ಯಾರು? ಕೇಳುಗನಲ್ಲ, ಹೇಳುವವನೇ. ಪುಸ್ತಕದ ಕೊನೆಯ ಹೊತ್ತಿಗೆ ಡಿವಿಜಿ ಇದನ್ನು ಬಿಚ್ಚಿಯೇ ಹೇಳುತ್ತಾರೆ: ಬದುಕಿನ ಬಗ್ಗೆ ಒಂದು ತಿಳಿವನ್ನು ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳೋದಕ್ಕಾಗಿ ಹೊಸೆದದ್ದು ಈ ಕಗ್ಗ ಅಂತ.

ಮಾರ್ಕಸ್ ಅರೇಲಿಯಸ್‌ನ ಪುಸ್ತಕಕ್ಕೂ ಗ್ರೀಕಿನಲ್ಲಿ ಸಿಕ್ಕಿರುವ ಹೆಸರು ‘ತನಗೆ ತಾನೇ’ ಎಂಬರ್ಥದ್ದು! ಡ್ಯಾನ್ಯೂಬ್ ನದಿಯ ಕಡೆ ದಂಡಿನ ಬಿಡಾರದಲ್ಲಿ ತನ್ನ ಮನಸ್ಸಿಗೆ ಬರೆದುಕೊಂಡ ಟಿಪ್ಪಣಿಗಳು. ಪ್ರಜೆಗಳಿಗೆ ಹೊರಡಿಸಿದ ಸುತ್ತೋಲೆ ಅಲ್ಲ. ಇಬ್ಬರ ನಡುವೆ ಹೆಚ್ಚುಕಡಿಮೆ ಹದಿನೆಂಟು ಶತಮಾನಗಳ ಅಂತರ, ಆದರೆ ಪುಸ್ತಕದ ಜಾತಿ ಒಂದೇ. ‘ಎಲೈ ಮಂಕೇ’ ಅಂತ ನನಗೆ ನಾನೇ ಹೇಳಿಕೊಂಡರೆ ಅದು ಜೊತೆ. ಅದೇ ಮಾತನ್ನು ನಿದ್ದೆಗೆಟ್ಟು ಕೂತವನಿಗೆ ನಾನು ಹೇಳಿದರೆ ಬೈಗುಳ. ಅಪ್ಪನಿಗೆ ನಾನು ಓದಿದ್ದು ಪದ್ಯವಲ್ಲ, ಆಪಾದನೆ.

ಹಾಗಂತ ತತ್ತ್ವವೆಲ್ಲ ಸುಮ್ಮನೆ ಸಮಾಧಾನದ ಮಾತು, ಕಾಯಿಲೆಗೆ ಬೇಕಾದ್ದು ವಿಜ್ಞಾನ ಮಾತ್ರ ಅಂತ ಬೇಲಿ ಹಾಕೋದು ಸುಲಭ. ನಾನೂ ಕೆಲವು ವರ್ಷ ಹಾಗೇ ವಾದ ಮಾಡಿದೆ. ಆದರೆ ನಮ್ಮ ನಾಡಿನ ಚರಿತ್ರೆಯಲ್ಲಿ ಆ ಬೇಲಿ ಕಾಣಿಸೋದಿಲ್ಲ. ಮೈಸೂರಿನ ಮಹಾರಾಜಾ ಕಾಲೇಜನ್ನೇ ನೋಡಿ. ಅಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದ ಎಂ. ಹಿರಿಯಣ್ಣನವರು ಭಾರತೀಯ ದರ್ಶನವನ್ನು ಯೋಚಿಸುವ ರೀತಿ ಮಾತ್ರವಲ್ಲ, ಬದುಕುವ ರೀತಿ ಎಂದು ಕಂಡವರು. ಅದೇ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು, ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಪ್ರಯೋಗಾತ್ಮಕ ಮನಶ್ಶಾಸ್ತ್ರ ಕಲಿತು ಬಂದ ಇದೇ ಮೇಷ್ಟ್ರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ಆಕಾಶವಾಣಿ ಅನ್ನೋ ಹೆಸರು ನಮಗೆ ಬಂದದ್ದು ಅಲ್ಲಿಂದ.

ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಅಂತ ಹೆಸರು ಬದಲಾಯಿತು. ನಮ್ಮ ಬೀದಿಯ ಬಾಯಲ್ಲಿ 2001ರಲ್ಲೂ ಬದಲಾಗಿರಲಿಲ್ಲ, ಅದು ಬೇರೆ ಮಾತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಆ 1954ರ ಸಂಸ್ಥೆಯ ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. ಆಗಿನ ಆಧುನಿಕ ಚಿಕಿತ್ಸೆಗಳನ್ನೆಲ್ಲ ಬಲ್ಲವರು. ಮನೋವೈದ್ಯಕ್ಕೆ ಬೇಕಾದ್ದನ್ನು ಭಾರತೀಯ ದರ್ಶನಗಳಲ್ಲೂ ಆಯುರ್ವೇದದಲ್ಲೂ ಸಂಶೋಧನೆ ಮಾಡಿ ಹುಡುಕಬೇಕು ಅಂತ ಪ್ರಬಂಧ ಬರೆದವರೂ ಅವರೇ. ಮಂತ್ರ ಹೇಳಿ ವಾಸಿಮಾಡಿ ಅಂತಲ್ಲ, ಸಂಶೋಧನೆ ಮಾಡಿ ಅಂತ.

ಅಮೆರಿಕದಲ್ಲಿ 1950ರ ದಶಕದಲ್ಲಿ ಆದದ್ದೂ ಸುಮಾರಾಗಿ ಇದೇ. ಆಲ್ಬರ್ಟ್ ಎಲ್ಲಿಸ್ ಎಂಬ ಮನೋಚಿಕಿತ್ಸಕ ತನ್ನ ಹೊಸ ಪದ್ಧತಿಯ ಬೇರನ್ನು ಎಪಿಕ್ಟೀಟಸ್‌ನಲ್ಲಿ ತೋರಿಸಿದ. ಗುಲಾಮನಾಗಿದ್ದು ಗುರುವಾದ ಈ ಎಪಿಕ್ಟೀಟಸ್‌ನನ್ನೇ ಮಾರ್ಕಸ್ ಅರೇಲಿಯಸ್ ಓದಿಕೊಂಡಿದ್ದ. ಆದದ್ದಕ್ಕಿಂತ ಹೆಚ್ಚಾಗಿ, ಆದದ್ದರ ಬಗ್ಗೆ ನಮ್ಮ ತೀರ್ಮಾನವೇ ನಮ್ಮನ್ನು ಕಾಡುತ್ತದೆ ಅನ್ನೋದು ಅವನ ವಿಚಾರ. ಆರನ್ ಬೆಕ್ ಕೂಡ ಆ ಸಾಲ ಒಪ್ಪಿಕೊಂಡ. ಇವತ್ತು ಖಿನ್ನತೆಗೆ, ಆತಂಕಕ್ಕೆ ಕೊಡುವ ಮಾತಿನ ಚಿಕಿತ್ಸೆಗಳಲ್ಲಿ ಹೆಚ್ಚು ಬಳಕೆಯಲ್ಲಿರೋದು ಇವರಿಬ್ಬರ ದಾರಿಯೇ. ಆದರೆ ಅವರು ರೋಗಿಯ ಮುಂದೆ ಸೂಕ್ತಿ ಇಟ್ಟು ಎದ್ದುಹೋಗಲಿಲ್ಲ. ಎದುರು ಕೂತು, ವಾರಗಟ್ಟಲೆ, ಇವನ ತೀರ್ಮಾನ ಯಾವುದು, ಅದಕ್ಕೆ ಆಧಾರ ಏನು ಅಂತ ಇವನ ಬಾಯಿಂದಲೇ ಹೊರಡಿಸಿದರು.

ಕನ್ನಡದಲ್ಲಿ ನನಗೆ ಬಹಳ ಇಷ್ಟವಾದ ಜೋಡಿ ಮಾತ್ರ ಡಿವಿಜಿ ಮತ್ತು ರಾಶಿ. ಕಗ್ಗಕ್ಕೆ ಒಂದು ವರ್ಷ ಮೊದಲು, 1942ರಲ್ಲಿ, ಇದೇ ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ ‘ಕೊರವಂಜಿ’ ಹಾಸ್ಯ ಮಾಸಿಕ ಶುರುಮಾಡಿದರು. ವೃತ್ತಿಯಿಂದ ವೈದ್ಯರು. ರೋಗಿಗಳನ್ನೂ ನೋಡಿಕೊಂಡು 1967ರ ತನಕ, ಇಪ್ಪತ್ತೈದು ವರ್ಷ ಆ ಪತ್ರಿಕೆ ನಡೆಸಿದರು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು, ಟಿ. ಸುನಂದಮ್ಮ ಅದರಲ್ಲಿ ಬರೆದರು. ಇಷ್ಟು ನಗಿಸಿದ ಮನುಷ್ಯ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ‘ಮನಮಂಥನ’ ಬರೆದರು. ಗೀತೆಯನ್ನು ಬದುಕಿಗೆ ಹೊಂದಿಸಿ ನೋಡಿದ ಡಿವಿಜಿಯವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದರೆ, ‘ಮನಮಂಥನ’ಕ್ಕೆ 1976ರಲ್ಲಿ ಬಂತು. ಹತ್ತು ವರ್ಷದೊಳಗೆ ಒಂದು ಭಾಷೆಯ ದೊಡ್ಡ ಸಾಹಿತ್ಯ ಪ್ರಶಸ್ತಿ ಒಂದು ತತ್ತ್ವದ ಪುಸ್ತಕಕ್ಕೂ ಒಂದು ಮನೋವೈದ್ಯದ ಪುಸ್ತಕಕ್ಕೂ! ಆ ಕಾಲದ ಕನ್ನಡ ಓದುಗರ ಕಪಾಟಿನಲ್ಲಿ ಎರಡೂ ಅಕ್ಕಪಕ್ಕ ನಿಂತಿದ್ದವು ಅಂತ ಊಹಿಸಿಕೊಳ್ಳೋದಕ್ಕೆ ನನಗೆ ಖುಷಿ. ನಮ್ಮ ಮನೆಯಲ್ಲಿ ಒಂದು ಮಾತ್ರ ಇತ್ತು.

ಅಪ್ಪನನ್ನು ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅಮ್ಮ, ನಾನಲ್ಲ. ಓದು ಬರಹ ಅಷ್ಟಕ್ಕಷ್ಟೇ ಇದ್ದ ಅಮ್ಮನಿಗೆ ತತ್ತ್ವವೂ ಗೊತ್ತಿರಲಿಲ್ಲ, ಮನಶ್ಶಾಸ್ತ್ರವೂ ಗೊತ್ತಿರಲಿಲ್ಲ. “ಮೂರು ತಿಂಗಳಿಂದ ನಿದ್ದೆ ಇಲ್ಲ ಅಂದ್ರೆ ಅದು ಮೈಗೆ ಆಗಿರೋದು” ಅಂದಳು. ಎರಡು ಬಸ್ಸು ಬದಲಾಯಿಸಿ ಹೊಸೂರು ರಸ್ತೆಗೆ ಹೋದೆವು. ಬೀದಿಯವರಿಗೆ ಕಣ್ಣಿನ ಪರೀಕ್ಷೆ ಅಂತ ಹೇಳಿದೆವು. ಅಲ್ಲಿನ ಡಾಕ್ಟರು ಅರ್ಧ ಗಂಟೆ ಕೇಳಿದ್ದು ಬರೀ ಪ್ರಶ್ನೆ. ಎಷ್ಟು ಹೊತ್ತಿಗೆ ಎಚ್ಚರಾಗುತ್ತೆ, ಊಟ ರುಚಿಸುತ್ತಾ, ಸಾಯಬೇಕು ಅನ್ನಿಸಿದೆಯಾ. ಕೊನೆಯದಕ್ಕೆ ಅಪ್ಪ ‘ಹೂಂ’ ಅಂದರು. ನಾನು ಗೋಡೆ ನೋಡಿದೆ. ಮಾತ್ರೆ ಕೊಟ್ಟರು, ಪರಿಣಾಮ ಕಾಣೋಕೆ ಕೆಲವು ವಾರ ಬೇಕು, ನೀವಾಗಿ ನಿಲ್ಲಿಸಬೇಡಿ ಅಂದರು. ದಿನಾ ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು ಅಂತ ಬರೆದಿಡಿ ಅಂದರು.

ಆಗ ಇದ್ದ ದಾರಿ ಅದೊಂದೇ, ಎರಡು ಬಸ್ಸಿನ ದಾರಿ. ಊರಿಂದಾಚೆ ಇರೋರಿಗೆ ಅದೂ ಇರಲಿಲ್ಲ. ಮನಸ್ಸಿನ ಕಾಯಿಲೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬಹುದು ಅಂತ ನಿಮ್ಹಾನ್ಸಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಈಗ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮೆಟ್ರೋ ಹುಡುಗನ ಹದಿನೈದು ಉಪದೇಶಗಳ ನಡುವೆ ಈ ಐದು ಅಂಕಿ ಎಲ್ಲಾದರೂ ಬಂತಾ ಅಂತ ನೋಡಿದೆ, ಬರಲಿಲ್ಲ. ಅವನಿಗೆ ಬೇಕಾಗಿಯೂ ಇರಲಿಲ್ಲವೇನೋ.

ಅಪ್ಪ ಸುಧಾರಿಸಿದರು. ಆಮೇಲೆ ಬಸವೇಶ್ವರನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಲೇತ್ ಕಲಿಸೋಕೆ ಹೋಗುತ್ತಿದ್ದರು, ಅರ್ಧ ದಿನ. ಹೋದ ವರ್ಷ ತೀರಿಕೊಂಡರು, ವಯಸ್ಸಾಗಿತ್ತು. ಅವರ ಟ್ರಂಕಿನಲ್ಲಿ ಆ ಕಗ್ಗ ಸಿಕ್ಕಿತು. ನಾನು ಗಟ್ಟಿಯಾಗಿ ಓದಿದ್ದ ಪದ್ಯ ಇರೋ ಪುಟವನ್ನು ಮೊದಲು ಹುಡುಕಿದೆ. ಪದ್ಯಕ್ಕೆ ಅಡಿಗೆರೆಯಿಲ್ಲ, ಗುರುತಿಲ್ಲ. ಆದರೆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಂದು ತಾರೀಖು, ಪಕ್ಕದಲ್ಲಿ ‘3 ಗಂಟೆ’. ಮುಂದಿನ ಪುಟದಲ್ಲಿ ಮರುದಿನದ ತಾರೀಖು, ‘3½’. ಡಾಕ್ಟರು ಬರೆದಿಡಿ ಅಂದದ್ದನ್ನು ಅಪ್ಪ ಕಗ್ಗದ ಅಂಚಿನಲ್ಲಿ ಬರೆದಿದ್ದರು, ದಿನಕ್ಕೊಂದು ಪುಟ. ಮಧ್ಯೆ ಎರಡು ದಿನ ಬರೀ ಸೊನ್ನೆ. ಆಮೇಲೆ 4, ಮತ್ತೆ 4, ಒಂದು ದಿನ 5. ಸುಮಾರು ನಲವತ್ತು ಪುಟ ಆದಮೇಲೆ ಒಂದು ಕಡೆ ಗಂಟೆ ಬರೆದಿಲ್ಲ. ‘ರಾತ್ರಿ ಮಳೆ ಬಂತಂತೆ. ಗೊತ್ತಾಗಲಿಲ್ಲ’ ಅಂತಿದೆ.