ನರಿ ಮಂಗಲ ಮತ್ತು ಕರಿಮೆಣಸಿನ ಪತ್ರ

ರೆಜಿಮೆಂಟಿನ ಇತಿಹಾಸಗಳು ಸತ್ತವರ, ಗಾಯಗೊಂಡವರ, ಪದಕ ಪಡೆದವರ ಲೆಕ್ಕ ಇಡುತ್ತವೆ. ಸಾವಿನೆದುರು ಸಿಪಾಯಿಗಳು ಆಡಿ ನಕ್ಕ ಮಾತು ಅಲ್ಲಿ ಸಿಗುವುದು ಅಪರೂಪ. ಕೊಡಗಿನಂಥ ಸೈನಿಕರ ನಾಡಿನಲ್ಲಿ ಈ ಕರಾಳ ಹಾಸ್ಯದ ಬೇರನ್ನು ಸೇನೆಯ ಕಡತಕ್ಕಿಂತ ಮೊದಲು ಆಚರಣೆಗಳಲ್ಲಿ ಹುಡುಕಬೇಕೆಂಬುದು ನನ್ನ ವಾದ.

ಕೊಡಗಿನ ಬಾಳೆಲೆ ನಾಗರಹೊಳೆ ಕಾಡಿಗೆ ಹತ್ತಿರದ ಊರು. ಹುಲಿ ಇಂದಿಗೂ ಈ ಭಾಗದ ದನಗಳ ಮೇಲೆ ಎರಗುತ್ತದೆ. ಹಿಂದೆ ಕೊಡವರಲ್ಲಿ ಹುಲಿ ಕೊಂದವನಿಗೆ ‘ನರಿ ಮಂಗಲ’ ನಡೆಯುತ್ತಿತ್ತು. ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಬೇಟೆಗಾರನನ್ನು ಮದುವಣಿಗನಂತೆ ಸಿಂಗರಿಸಿ ಕೂರಿಸುತ್ತಿದ್ದರು. ಪಕ್ಕದಲ್ಲೇ ತೂಗುಹಾಕಿದ ಹುಲಿಯ ಹೆಣ. ಬಂದವರು ಮದುವೆ ಮನೆಯಲ್ಲಿ ಮಾಡುವಂತೆಯೇ ಅಕ್ಕಿ ಹಾಕಿ, ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಕೊಡವರ ಕುರಿತ 1952ರ ತಮ್ಮ ಗ್ರಂಥದಲ್ಲಿ ಇದನ್ನು ಮಂಗಲ ಎಂಬ ದೊಡ್ಡ ವಿಧಿಯ ಒಂದು ರೂಪವಾಗಿ ನೋಡುತ್ತಾರೆ. ಅದು ಸರಿಯೇ. ಆದರೆ ಕೊಂದವನನ್ನೂ ಸತ್ತದ್ದನ್ನೂ ಒಂದೇ ಚಪ್ಪರದಡಿ ಜೋಡಿ ಮಾಡುವ ಧೈರ್ಯದಲ್ಲಿ ನಗೆಯೂ ಇದೆ, ಮರ್ಯಾದೆಯೂ ಇದೆ. ಎದುರಾಳಿಯನ್ನು ಹೀಯಾಳಿಸುವ ನಗೆ ಅದಲ್ಲ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲೂ ಇದೇ ಸಲಿಗೆ: ಕೋವಿಗೆ ಮುಡಿಸುವ ತೋಕ್ ಪೂವಿನ ಗೆಡ್ಡೆ ಪ್ರಾಣ ತೆಗೆಯುವಷ್ಟು ವಿಷ. ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸಾವಿನ ಸಲಕರಣೆಯೊಂದಿಗೆ ಇಷ್ಟು ಸಲಿಗೆಯಿಂದ ಬಾಳಿದ ಮನೆಗಳಿಂದ ಹುಡುಗರು ಪಡೆಗೆ ಸೇರಿದರು.

ಕನ್ನಡ ಕಾವ್ಯಕ್ಕೂ ಈ ನಗೆ ಹೊಸದಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಹೆಣಗಳ ನಡುವೆ ತಡವರಿಸುತ್ತ ನಡೆಯುವ ದುರ್ಯೋಧನನನ್ನು ರಣಭೂಮಿಯ ಮರುಳುಗಳು, ಅಂದರೆ ಪಿಶಾಚಿಗಳು, ಮೂದಲಿಸುತ್ತವೆ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಉಳಿದಿರುವುದು ಹೆಚ್ಚಾಗಿ ಸೇನಾಧಿಕಾರಿಗಳ ಮಾತು. ಮಡಿಕೇರಿಯ ಕೆ. ಎಸ್. ತಿಮ್ಮಯ್ಯ ಅಲಹಾಬಾದಿನಲ್ಲಿದ್ದಾಗ, ಬ್ರಿಟಿಷರ ಸಮವಸ್ತ್ರ ತೊಟ್ಟರೆ ಹೇಗನಿಸುತ್ತದೆಂದು ಹಿರಿಯರೊಬ್ಬರು ಕೆಣಕಿದರಂತೆ. ಸೆಕೆ ಎಂದಷ್ಟೇ ತಿಮ್ಮಯ್ಯನವರ ಉತ್ತರ. ಕೇಳಿದವರು ಮೋತಿಲಾಲ್ ನೆಹರು. 1942ರಲ್ಲಿ ಬರ್ಮಾದಲ್ಲಿ ಮೈತುಂಬ ಗುಂಡು ತಿಂದ ಮಾಣೆಕ್ ಷಾ, ಏನಾಯಿತೆಂದ ವೈದ್ಯರಿಗೆ ಹೇಸರಗತ್ತೆ ಒದೆಯಿತು ಎಂದರೆಂಬ ಕಥೆಯೂ ಹೀಗೆಯೇ ಉಳಿದುಬಂದದ್ದು. ಇವರ ಜೀವನಚರಿತ್ರೆ ಬರೆಯುವವರಿದ್ದರು.

ಸಾಮಾನ್ಯ ಸಿಪಾಯಿಗೆ ಆ ಭಾಗ್ಯವಿರಲಿಲ್ಲ. ಅವನ ನಗೆ ಉಳಿದದ್ದು ಅವನ ಕಾಗದವನ್ನು ಇನ್ನೊಬ್ಬರು ಒಡೆದು ಓದಿದ್ದರಿಂದ. ಮೊದಲ ಮಹಾಯುದ್ಧದ ವೇಳೆ, 1915ರಲ್ಲಿ, ಫ್ರಾನ್ಸಿನ ಕಂದಕಗಳಿಂದ ಭಾರತೀಯರು ಊರಿಗೆ ಬರೆದ ಪತ್ರಗಳಲ್ಲಿ ಕರಿಮೆಣಸು ಮುಗಿಯುತ್ತ ಬಂದಿದೆ, ಕೆಂಪು ಮೆಣಸನ್ನು ಹಿಡಿತದಿಂದ ಬಳಸುತ್ತಿದ್ದಾರೆ ಎಂಬಂಥ ಸುದ್ದಿ ಬರುತ್ತದೆ. ಕರಿಮೆಣಸು ತಾವು, ಕೆಂಪು ಮೆಣಸು ಬಿಳಿಯ ಸೈನಿಕರು. ಅಡುಗೆಮನೆಯ ಮಾತಿನಲ್ಲಿ ತಮ್ಮ ಸಾವಿನ ಲೆಕ್ಕ ಒಪ್ಪಿಸಿದ ಈ ಜನ ಬಹುಪಾಲು ಉತ್ತರ ಭಾರತದವರು. ಆದರೂ ಮೆಣಸು ಬೆಳೆಯುವ ಬಾಳೆಲೆಯವರಿಗೆ ಆ ಖಾರವನ್ನು ವಿವರಿಸಿ ಹೇಳಬೇಕಿಲ್ಲ. ಸೆನ್ಸಾರ್ ಅಧಿಕಾರಿಗಳಿಗೂ ಗುಟ್ಟು ತಿಳಿಯಿತು. ಅವರು ಇಂಗ್ಲಿಷಿಗೆ ಮಾಡಿಸಿಕೊಂಡ ತುಣುಕುಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.