ಗದ್ದೆ ಸೀಮೆಯ ಮೆದುಳು ಜ್ವರ ಮತ್ತು ಬೆನ್ನಿನ ನೀರಿನ ಪರೀಕ್ಷೆ

ತುಂಗಭದ್ರಾ ಕಾಲುವೆ ಸೀಮೆಯ ಮಕ್ಕಳನ್ನು ದಶಕಗಳ ಕಾಲ ಕಾಡಿದ ಕಾಯಿಲೆಗಳಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರ ಒಂದು. ಇದನ್ನು ಹರಡುವ ಕ್ಯುಲೆಕ್ಸ್ ಸೊಳ್ಳೆ ಭತ್ತದ ಗದ್ದೆಯಲ್ಲಿ ನಿಂತ ನೀರಿನಲ್ಲಿ ಮರಿಯಾಗುತ್ತದೆ. ವೈರಸ್ಸು ನೀರುಹಕ್ಕಿಗಳಲ್ಲಿ, ಹಂದಿಗಳಲ್ಲಿ ಹೆಚ್ಚುತ್ತದೆ. ಹೊಸಪೇಟೆ, ಕಂಪ್ಲಿಗಳಲ್ಲಿ ವಿಜಯನಗರದ ಅರಸರ ಕಾಲುವೆಗಳಿಂದಲೇ ಗದ್ದೆಗಳಿದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳೂ ಭತ್ತಕ್ಕೆ ತಿರುಗಿದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಗುಡ್ಡ, ಗಣಿಗಳ ಸಂಡೂರಿನ ಕಥೆ ಬೇರೆ. ಅಲ್ಲಿ ಗದ್ದೆಗಳು ಕಡಿಮೆ.

ಭಾರತದಲ್ಲಿ ಈ ಜ್ವರ ಮನುಷ್ಯರಲ್ಲಿ ಮೊದಲು ಗುರುತಾದದ್ದು 1955ರಲ್ಲಿ, ವೆಲ್ಲೂರಿನ ಕಡೆ. ಕರ್ನಾಟಕದಲ್ಲಿ 1970ರ ದಶಕದ ಕೊನೆಗೆ ಕೋಲಾರದಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತು. ಈ ಊರುಗಳಿದ್ದ ಬಳ್ಳಾರಿ ಜಿಲ್ಲೆಯೂ ಪೀಡಿತ ಜಿಲ್ಲೆಗಳ ಪಟ್ಟಿಗೆ ಸೇರಿತು. ಜ್ವರ, ವಾಂತಿ, ಫಿಟ್ಸ್, ಎಚ್ಚರ ತಪ್ಪುವುದು: ಇಂಥ ಮಗುವಿಗೆ ಬೇಕಾದ ದೊಡ್ಡ ಆಸ್ಪತ್ರೆ ಬಳ್ಳಾರಿಯಲ್ಲಿತ್ತು. 1961ರಲ್ಲಿ ಶುರುವಾದ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜೇ ಮುಂದೆ ವಿಮ್ಸ್ ಎಂದು ಹೆಸರಾಯಿತು.

ಪರೀಕ್ಷೆಯ ಚರಿತ್ರೆ ತಾಯ್ತಂದೆಯರ ಪಾಲಿಗೆ ಕಷ್ಟದ್ದಾಗಿತ್ತು. ಹಳೆಯ ವಿಧಾನದಲ್ಲಿ ರಕ್ತವನ್ನು ಎರಡು ಸಲ, ಸುಮಾರು ಎರಡು ವಾರಗಳ ಅಂತರದಲ್ಲಿ ತೆಗೆದು, ಪ್ರತಿಕಾಯ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕಿತ್ತು. ಎರಡನೆಯ ರಕ್ತ ಕೊಡುವ ಹೊತ್ತಿಗೆ ಮಗು ತೀರಿಹೋಗಿರಬಹುದು, ಇಲ್ಲವೇ ಊರಿಗೆ ಮರಳಿರಬಹುದು. 1980ರ ದಶಕದಲ್ಲಿ ಬಂದ, ಸೋಂಕಿನ ಮೊದಲಲ್ಲಿ ಹುಟ್ಟುವ ಐಜಿಎಂ ಎಂಬ ಪ್ರತಿಕಾಯವನ್ನು ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ಒಂದೇ ಮಾದರಿಯಲ್ಲಿ ಉತ್ತರ ಕೊಡಬಲ್ಲದಾಯಿತು. ಆದರೂ ಅದು 96 ಕುಳಿಗಳ ತಟ್ಟೆಯಲ್ಲಿ ಮಾಡುವ ಪರೀಕ್ಷೆ. ಮಾದರಿಗಳು ಒಟ್ಟುಗೂಡಿದ ಮೇಲೆ ಒಮ್ಮೆಗೇ ಮಾಡುವುದು ವಾಡಿಕೆ. ರೋಗ ಎಲ್ಲಿ ಹರಡಿದೆ ಎಂದು ಸರ್ಕಾರಕ್ಕೆ ತಿಳಿಸಲು ಇಷ್ಟು ಸಾಕು. ವಾರ್ಡಿನ ಹೊರಗೆ ಕೂತ ತಾಯಿಗೆ ಸಾಲದು.

ಆಕೆಗೆ ಅದೇ ದಿನ ಏನಾದರೂ ಹೇಳಬಲ್ಲದ್ದು ಬೆನ್ನಿನ ನೀರಿನ, ಎಂದರೆ ಮೆದುಳು, ಬೆನ್ನುಹುರಿಗಳ ಸುತ್ತಲಿನ ದ್ರವದ ಪರೀಕ್ಷೆ. ಬೆನ್ನಿನಿಂದ ನೀರು ತೆಗೆದರೆ ಮಗುವಿನ ಕಾಲು ಹೋಗುತ್ತದೆ ಎಂಬ ಭಯ ಜನರಲ್ಲಿ ಬಲವಾಗಿತ್ತು. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿದ ಮೇಲಿನ ಕೆಳಭಾಗಕ್ಕೆ ಎಂಬ ಒಂದು ಮಾತನ್ನು ಅವರ ಭಾಷೆಯಲ್ಲಿ ಬಿಡಿಸಿ ಹೇಳುವುದೇ ಅರ್ಧ ಚಿಕಿತ್ಸೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ಆಡುವ ಈ ಸೀಮೆಯಲ್ಲಿ ರಿಪೋರ್ಟು ಮಾತ್ರ ಇಂಗ್ಲಿಷಿನಲ್ಲಿ. ಆ ಬೆನ್ನಿನ ನೀರಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹೆಚ್ಚಿ, ಸಕ್ಕರೆ ಅಂಶ ಸರಿಯಾಗಿದ್ದರೆ ವೈರಸ್ಸಿನ ಕಡೆಗೆ ಸಂಶಯ. ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಹೆಚ್ಚಿ ಸಕ್ಕರೆ ಇಳಿದಿದ್ದರೆ ಬ್ಯಾಕ್ಟೀರಿಯಾ, ಅದಕ್ಕೆ ಆ್ಯಂಟಿಬಯಾಟಿಕ್ ತಕ್ಷಣ ಬೇಕು. ಕ್ಷಯದಿಂದಾಗುವ ಮೆದುಳು ಪೊರೆಯ ಉರಿಯೂತದಲ್ಲಿ ಕಣ ಲಿಂಫೋಸೈಟ್‌ಗಳೇ ಆದರೂ ಸಕ್ಕರೆ ಇಳಿಯುತ್ತದೆ. ಹೀಗಾಗಿ ಒಂದು ಅಂಕಿಯನ್ನು ಬಿಡಿಯಾಗಿ ಓದುವಂತಿಲ್ಲ.

‘ನೆಗೆಟಿವ್’ ಎಂಬ ಫಲಿತಾಂಶ ಹೆಚ್ಚು ದಾರಿ ತಪ್ಪಿಸಿದೆ. ಜ್ವರದ ಮೊದಲ ಮೂರು ನಾಲ್ಕು ದಿನ ಐಜಿಎಂ ಸಿಗದೆ ಹೋಗಬಹುದು. 7ರಿಂದ 10 ದಿನಗಳ ಹೊತ್ತಿಗೆ ಬಹುತೇಕ ರೋಗಿಗಳಲ್ಲಿ ಸಿಗುತ್ತದೆ. ‘ಪಾಸಿಟಿವ್’ ಕೂಡ ರಕ್ತದಲ್ಲಿ ಪೂರ್ತಿ ನಂಬಿಕೆಯದಲ್ಲ: ಡೆಂಗಿಯ ಪ್ರತಿಕಾಯ ಅಡ್ಡ ಬರುತ್ತದೆ, ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಕಾಯಿಲೆಯೇ ಕಾಣಿಸುವುದಿಲ್ಲವಾದ್ದರಿಂದ ಈಗಿನ ಜ್ವರಕ್ಕೆ ಕಾರಣ ಬೇರೆಯೇ ಇರಬಹುದು. ಬೆನ್ನಿನ ನೀರಿನಲ್ಲಿ ಸಿಕ್ಕ ಐಜಿಎಂಗೆ ಹೆಚ್ಚು ತೂಕವಿರುವುದು ಇದರಿಂದಲೇ. ವೈರಸ್ಸನ್ನು ಕೊಲ್ಲುವ ಔಷಧ ಇಂದಿಗೂ ಇಲ್ಲ; ಕಾಯಿಲೆ ಬಿದ್ದವರಲ್ಲಿ ನೂರಕ್ಕೆ 20–30 ಮಂದಿ ಸಾಯಬಹುದು, ಉಳಿದವರಲ್ಲಿ ಹಲವರಿಗೆ ಮಾತು, ನಡಿಗೆ, ಕಲಿಕೆಯ ತೊಂದರೆ ಉಳಿಯುತ್ತದೆ. ಫಲಿತಾಂಶದ ಜೊತೆಗೆ ವೈದ್ಯರು ಇದನ್ನೂ ಹೇಳಲೇಬೇಕಿತ್ತು.

2006ರಲ್ಲಿ ದೇಶದ 11 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಅಭಿಯಾನ ನಡೆಯಿತು. ಬಳ್ಳಾರಿ ಅವುಗಳಲ್ಲೊಂದು; ಸಂಡೂರು, ಕಂಪ್ಲಿಗಳ ಜೊತೆ ಹೊಸಪೇಟೆಯೂ ಆಗ ಆ ಜಿಲ್ಲೆಯೊಳಗೇ ಇತ್ತು. 2013ರಿಂದ ಪೀಡಿತ ಜಿಲ್ಲೆಗಳಲ್ಲಿ ಎರಡು ಡೋಸ್: 9 ತಿಂಗಳು ತುಂಬಿದಾಗ ಒಂದು, 16–24 ತಿಂಗಳಿನಲ್ಲಿ ಇನ್ನೊಂದು. ಲಸಿಕೆ ಹಾಕಿಸಿದ ಹೊಸತರಲ್ಲಿ ರಕ್ತದ ಐಜಿಎಂ ಪಾಸಿಟಿವ್ ಬರಬಹುದು. ಹಾಗಾಗಿ ಜ್ವರ ಬಂದ ಮಗುವನ್ನು ಕರೆತಂದವರಿಗೆ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಜ್ವರ ಎಷ್ಟನೆಯ ದಿನದ್ದು ಎಂಬುದರ ಜೊತೆ ಲಸಿಕೆಯ ವಿವರ ಬರೆದಿರುವ ‘ತಾಯಿ ಕಾರ್ಡ್’ ತಂದಿದ್ದೀರಾ ಎಂಬುದೂ ಸೇರಿದೆ.