ಉತಾರದ ವಿಸ್ತೀರ್ಣ: ಕಾಲಂನ ಬಗೆ ಮತ್ತು ಮಿತಿಯ ಬಗೆ

ಗಣಕ ದಾಖಲೆಯ ಪ್ರತಿ ಕಾಲಂಗೂ ಒಂದು ಬಗೆ ಇರುತ್ತದೆ: ಪೂರ್ಣಾಂಕ, ದಶಮಾಂಶ, ದಿನಾಂಕ, ಪಠ್ಯ. ಆ ಕಾಲಂಗೆ ಹಾಕುವ ಮಿತಿಯೂ ಅದೇ ಬಗೆಯದಾಗಿರಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರೈತರಿಗೆ ಈ ನಿಯಮದ ಅತಿ ಹತ್ತಿರದ ಉದಾಹರಣೆ ಉತಾರ, ಅಂದರೆ ಪಹಣಿ.

ಮುಂಬೈ ಪ್ರಾಂತದ ಸರ್ವೆಯಲ್ಲಿ ಅಳತೆಗೆ ಹಿಡಿದದ್ದು 33 ಅಡಿಯ ಸರಪಳಿ. ಸರಪಳಿಯ ಒಂದು ಚೌಕ ಒಂದು ಗುಂಟೆ, 40 ಗುಂಟೆಗೆ ಎಕರೆ, ಗುಂಟೆಗೆ 16 ಆಣೆ. ಗ್ರಾಮ ಲೆಕ್ಕಿಗನಾದ ತಲಾಠಿ 2-35 ಎಂದು ಬರೆದರೆ ಎರಡು ಎಕರೆ ಮೂವತ್ತೈದು ಗುಂಟೆ ಎಂದು ಊರಿಗೆಲ್ಲ ಗೊತ್ತು. 2-45 ಎಂದು ಯಾರೂ ಬರೆಯುತ್ತಿರಲಿಲ್ಲ. ಮಿತಿ ಬರೆಯುವವನ ತಲೆಯಲ್ಲೇ ಇತ್ತು.

ಆ ತಿಳಿವಳಿಕೆಯನ್ನು ಯಂತ್ರಕ್ಕೆ ಬಿಡಿಸಿ ಹೇಳಬೇಕಾಯಿತು. ಗಣಕ ವಿಜ್ಞಾನಿ ಎಡ್ಗರ್ ಕಾಡ್ 1970ರ ತಮ್ಮ ಲೇಖನದಲ್ಲಿ ಪ್ರತಿ ಕಾಲಂನ ಬೆಲೆಗಳಿಗೂ ಒಂದು ನಿಗದಿತ ವಲಯವಿರುತ್ತದೆ ಎಂದರು. ದತ್ತಸಂಚಯಗಳ ಭಾಷೆಗೆ 1992ರಲ್ಲಿ ಬಂದ ಎಸ್‌ಕ್ಯೂಎಲ್ ಮಾನಕ ಅಂಥ ವಲಯವನ್ನು ಅದರ ಮಿತಿಯೊಡನೆ ಹೆಸರಿಸಿಡುವ ದಾರಿ ಕೊಟ್ಟಿತು. ದತ್ತಾಂಶದ ರೂಪವನ್ನು ನಿಗದಿಪಡಿಸುವ 2001ರ ಎಕ್ಸ್‌ಎಂಎಲ್ ಸ್ಕೀಮಾ ಇನ್ನೂ ಖಚಿತ: ಕನಿಷ್ಠ, ಗರಿಷ್ಠ ಬೆಲೆಗಳು ಮೂಲ ಬಗೆಯ ಬೆಲೆಗಳೇ ಆಗಿರಬೇಕು.

ಅದೇ ವರ್ಷಗಳಲ್ಲಿ ಕರ್ನಾಟಕದ 'ಭೂಮಿ' ಯೋಜನೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿ ಊರ್ಜಿತವಲ್ಲ ಎಂದಾಯಿತು. ಎಕರೆ ಮತ್ತು ಗುಂಟೆಯ ನಡುವೆ ಅಡ್ಡಗೆರೆಯ ಬದಲು ಚುಕ್ಕೆ ಕೂತಾಗ ನೋಡುವವರಿಗೆ ಅದು ದಶಮಾಂಶದಂತೆಯೇ ಕಾಣುತ್ತದೆ. ಅಪಾಯವಿರುವುದು ಇಲ್ಲೇ. 2.35ಕ್ಕೆ 1.15 ಕೂಡಿಸಿದರೆ ದಶಮಾಂಶದ ಲೆಕ್ಕ 3.50 ಎನ್ನುತ್ತದೆ, ಹೊಲದ ಲೆಕ್ಕ 4 ಎಕರೆ 10 ಗುಂಟೆ.

ಮಿತಿಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಸಣ್ಣ ಹಿಡುವಳಿಯ ಮೇಲ್ಮಿತಿ 2 ಹೆಕ್ಟೇರ್, ಅಂದರೆ 4.94 ಎಕರೆ. ಒಬ್ಬ ರೈತನ ಹೆಸರಿನಲ್ಲಿ 4 ಎಕರೆ 39 ಗುಂಟೆ ಇದೆ ಎನ್ನಿ. 4.39 ಎಂಬುದು 4.94ಕ್ಕಿಂತ ಚಿಕ್ಕದು, ಹಾಗಾಗಿ ಯಂತ್ರ ಒಪ್ಪಿಬಿಡುತ್ತದೆ. ಎರಡನ್ನೂ ಗುಂಟೆಗೆ ಇಳಿಸಿ ನೋಡಿದರೆ ಹೊಲ 199, ಮಿತಿ 197ಕ್ಕೆ ಸ್ವಲ್ಪ ಹೆಚ್ಚು. ಆ ಹಿಡುವಳಿ ಮಿತಿ ದಾಟಿದೆ. ಇಲ್ಲಿ ಎರಡು ಅಂಕಿಗಳೂ ಸರಿ, ತಪ್ಪಿದ್ದು ಅವುಗಳ ಬಗೆ. ಎಕರೆ, ಗುಂಟೆ, ಆಣೆಗಳನ್ನು ಬೇರೆ ಬೇರೆ ಪೂರ್ಣಾಂಕಗಳಾಗಿ ಇಟ್ಟು, ಗುಂಟೆಗೆ 39, ಆಣೆಗೆ 15 ಎಂದು ಗರಿಷ್ಠ ಮಿತಿ ಹಾಕಿ, ಹೋಲಿಸುವಾಗ ಒಂದೇ ಮಾನಕ್ಕೆ ತರುವುದೇ ಸರಿಯಾದ ದಾರಿ.

ಸರ್ವೆ ನಂಬರಿನದು ಇನ್ನೊಂದು ಪಾಠ. 112/2ಅ ಎಂಬುದನ್ನು ಒಂದೇ ಪಠ್ಯವಾಗಿಟ್ಟರೆ ಅಕ್ಷರಕ್ರಮದಲ್ಲಿ 9 ಎಂಬುದು 112ಕ್ಕಿಂತ ದೊಡ್ಡದಾಗುತ್ತದೆ. '1ರಿಂದ 300ರವರೆಗೆ' ಎಂಬ ಮಿತಿಗೆ ಅರ್ಥವೇ ಉಳಿಯುವುದಿಲ್ಲ. 'ಭೂಮಿ'ಯಲ್ಲಿ ಸರ್ವೆ ನಂಬರ್, ಅದರ ಉಪವಿಭಾಗಗಳಾದ ಸರ್‌ನಾಕ್, ಹಿಸ್ಸಾ ಬೇರೆ ಬೇರೆ ಕಾಲಂಗಳಾಗಿರುವುದು ಬಹಳ ಒಳ್ಳೆಯದಾಯಿತು.

ಗಡಿಯ ಆಚೆ ಮಹಾರಾಷ್ಟ್ರದ ಕಾಗಲ್ ತಾಲ್ಲೂಕಿನ ಪಹಣಿಯಾದ ಸಾತ್‌ಬಾರಾದಲ್ಲಿ ವಿಸ್ತೀರ್ಣ ಹೆಕ್ಟೇರ್ ಮತ್ತು ಆರ್‌ಗಳಲ್ಲಿದೆ. 100 ಆರ್‌ಗೆ ಒಂದು ಹೆಕ್ಟೇರ್, ಒಂದು ಆರ್ ಹೆಚ್ಚುಕಡಿಮೆ ಒಂದು ಗುಂಟೆ. ಹಾಗಾಗಿ 0.45 ಎಂಬ ನಮೂದು ಕಾಗಲ್‌ನಲ್ಲಿ ಸರಿ, ನಿಪ್ಪಾಣಿಯ ಉತಾರದಲ್ಲಿ ತಪ್ಪು.